ಹಳೆಯ ಬಿಸಿನೀರಿನ ವ್ಯವಸ್ಥೆ: ಗೀಸರ್ ಬದಲಿಸುವ ಮುನ್ನ ಪೈಪು ನೋಡಿ

ದಾವಣಗೆರೆ, ಚಿತ್ರದುರ್ಗದ ಹಳೆಯ ಮನೆಗಳಲ್ಲಿ ಮೂರು ಕಾಲದ ಸಾಮಾನು ಒಟ್ಟಿಗೇ ಇರುವುದುಂಟು: ಬಚ್ಚಲ ಒಲೆಯ ಮೇಲೆ ತಾಮ್ರದ ಹಂಡೆ, ಗೋಡೆಯಲ್ಲಿ ತುಕ್ಕು ಹಿಡಿದ ಗೀಸರ್, ತಾರಸಿಯಲ್ಲಿ ಟ್ಯೂಬು ಒಡೆದ ಸೋಲಾರ್. ನೀರು ಸರಿಯಾಗಿ ಕಾಯದಿದ್ದರೆ ಮನೆಯವರು ಹೊಸ ಗೀಸರ್ ತಂದು ಅದೇ ಪೈಪು, ಅದೇ ವೈರು, ಅದೇ ಬೋರ್‌ವೆಲ್ ನೀರಿಗೆ ಜೋಡಿಸುತ್ತಾರೆ. ಕೆಲವೇ ವರ್ಷಗಳಲ್ಲಿ ಹಳೆಯ ದೂರು ಮರಳುತ್ತದೆ. ಮೊದಲು ನೀರು, ಆಮೇಲೆ ಪೈಪು, ಕೊನೆಗೆ ಯಂತ್ರ ಎಂಬ ಕ್ರಮದಲ್ಲಿ ಕೆಲಸ ಹಿಡಿಯುವುದು ಲೇಸು.

ಶಾಂತಿಸಾಗರ, ವಾಣಿವಿಲಾಸ ಸಾಗರಗಳಿಂದ ಚಿತ್ರದುರ್ಗದ ನಲ್ಲಿಗೆ ಬರುವ ನೀರಿಗೂ ಹಿತ್ತಲಿನ ಬೋರ್‌ವೆಲ್ ನೀರಿಗೂ ಗಡಸುತನದಲ್ಲಿ ಬಹಳ ವ್ಯತ್ಯಾಸವಿದೆ. ಸೋಪು ನೊರೆ ಬಿಡದಿದ್ದರೆ, ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುತ್ತಿದ್ದರೆ ಅದೇ ಪದರ ಗೀಸರಿನ ಕಾಯಿಲಿನ ಮೇಲೂ ಕೂರುತ್ತಿದೆ ಎಂದು ತಿಳಿಯಬೇಕು. ಆಗ ಕಾಯಿಲಿನ ಶಾಖ ನೀರಿಗೆ ದಾಟದೆ ಕಾಯಿಲೇ ಸುಟ್ಟುಹೋಗುತ್ತದೆ. ಸಾಧ್ಯವಿದ್ದರೆ ತಾರಸಿಯಲ್ಲಿ ಎರಡು ಟ್ಯಾಂಕ್ ಇರಿಸಿ, ಬಿಸಿನೀರಿನ ಸಾಲಿಗೆ ನಲ್ಲಿ ನೀರನ್ನು ಮಾತ್ರ ಕೊಡಿ. ಅದಾಗದಿದ್ದರೆ ವರ್ಷಕ್ಕೊಮ್ಮೆ ಗೀಸರ್ ಬಿಚ್ಚಿಸಿ ಪದರ ತೆಗೆಸಬೇಕು. ಟ್ಯಾಂಕಿಗೆ ಬದಲಾಗಿ ತಾನು ಸವೆಯುವ ಮೆಗ್ನೀಸಿಯಂ ಸರಳನ್ನೂ ಆಗಲೇ ನೋಡಿ, ಕರಗಿದ್ದರೆ ಬದಲಿಸಬೇಕು. ಥರ್ಮೋಸ್ಟಾಟ್ 55ರಿಂದ 60 ಡಿಗ್ರಿಯಲ್ಲಿದ್ದರೆ ಸಾಕು, ಅದಕ್ಕಿಂತ ಹೆಚ್ಚಿದಷ್ಟೂ ಪದರ ಬೇಗ ಕಟ್ಟುತ್ತದೆ.

ಇನ್ನು ಪೈಪು. ಹಳೆಯ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪಿನ ಒಳಗೆ ತುಕ್ಕು, ಸುಣ್ಣ ಸೇರಿ ದಾರಿ ಕಿರಿದಾಗಿರುತ್ತದೆ. ಇದಲ್ಲದೆ, ತಾರಸಿಯಿಂದ ಬಚ್ಚಲಿಗೆ 15 ಮೀಟರ್ ದೂರವಿದ್ದು ಪೈಪು ಒಂದು ಇಂಚಿನದಾದರೆ ಅದರಲ್ಲಿ 8 ಲೀಟರಿಗೂ ಹೆಚ್ಚು ನೀರು ನಿಂತು ತಣ್ಣಗಾಗಿರುತ್ತದೆ. ಬೆಳಿಗ್ಗೆ ಅಷ್ಟನ್ನೂ ಚೆಲ್ಲಿದ ಮೇಲೆಯೇ ಬಿಸಿನೀರು ಬರುತ್ತದೆ. ಮುಕ್ಕಾಲು ಇಂಚಿನ ಸಿಪಿವಿಸಿ (ಬಿಸಿನೀರು ತಾಳುವ ಪ್ಲಾಸ್ಟಿಕ್ ಪೈಪು) ಹಾಕಿಸಿದರೆ ಈ ನಷ್ಟ ಸುಮಾರು 4 ಲೀಟರಿಗೆ ಇಳಿಯುತ್ತದೆ. ಸಿಪಿವಿಸಿ 93 ಡಿಗ್ರಿಯವರೆಗೆ ತಾಳುತ್ತದೆಯಾದರೂ ಬೇಸಿಗೆಯಲ್ಲಿ ಸೋಲಾರ್ ಟ್ಯಾಂಕಿನ ನೀರು ಕುದಿಯುವ ಮಟ್ಟಕ್ಕೆ ಹೋಗಬಲ್ಲದು, ಆದ್ದರಿಂದ ಟ್ಯಾಂಕಿನಿಂದ ಹೊರಡುವ ಮೊದಲ ಒಂದೆರಡು ಮೀಟರ್ ಲೋಹದ ಪೈಪೇ ಇರಲಿ. ಬಿಸಿಲಿಗೆ ಬೀಳುವ ಪೈಪಿಗೆ ಫೋಮ್ ತೋಳು ಹೊದಿಸಿ, ಅದರ ಮೇಲೆ ಅಲ್ಯೂಮಿನಿಯಂ ಟೇಪು ಸುತ್ತಿಸಿ. ಪ್ಲಂಬರುಗಳು ಬೇಡವೆನ್ನುವ ಖರ್ಚು ಇದು. ನನ್ನ ಮಟ್ಟಿಗೆ ಪೈಪಿನ ಕೆಲಸದಲ್ಲಿ ಇದೇ ಮೊದಲು ಮಾಡಬೇಕಾದದ್ದು.

ಎಷ್ಟು ಬಿಸಿನೀರು ಬೇಕು? 60 ಡಿಗ್ರಿಯ ನೀರಿಗೆ 25 ಡಿಗ್ರಿಯ ತಣ್ಣೀರು ಬೆರೆಸಿ 40 ಡಿಗ್ರಿಗೆ ತಂದರೆ 20 ಲೀಟರಿನ ಬಕೆಟ್ಟಿಗೆ ಬಿಸಿನೀರು 9 ಲೀಟರಿಗಿಂತ ಕಡಿಮೆ ಸಾಕು. ಬಕೆಟ್ ಸ್ನಾನ ಮಾಡುವ ನಾಲ್ವರ ಮನೆಗೆ 100 ಲೀಟರಿನ ಸೋಲಾರ್ ಧಾರಾಳವಾಯಿತು.

ಹಳೆಯ ಸೋಲಾರಿನ ಟ್ಯಾಂಕು ಸೋರದಿದ್ದರೆ ಇಡೀ ಯಂತ್ರ ಬಿಸಾಡಬೇಕಿಲ್ಲ. ಗಾಜಿನ ಟ್ಯೂಬಿನದಾದರೆ ಒಡೆದ ಟ್ಯೂಬು, ರಬ್ಬರ್ ರಿಂಗು ಬದಲಿಸಿ ಕೆಸರು ತೊಳೆಸಿದರೆ ಸಾಕಾಗುತ್ತದೆ. ಆದರೆ ಬಿಸಿಲಲ್ಲಿ ಕಾದ ಖಾಲಿ ಟ್ಯೂಬಿಗೆ ತಣ್ಣೀರು ಬಿಟ್ಟರೆ ಗಾಜು ಸೀಳುತ್ತದೆ, ನೀರು ತುಂಬುವುದು ಬೆಳಗಿನ ಜಾವವೇ ಆಗಬೇಕು. ಚಪ್ಪಟೆ ಹಲಗೆಯ ಮಾದರಿಯ ಸಣ್ಣ ತಾಮ್ರದ ನಾಳಗಳು ಗಡಸು ನೀರಿನಲ್ಲಿ ಬೇಗ ಕಟ್ಟುವುದರಿಂದ ಬೋರ್‌ವೆಲ್ ಮನೆಗೆ ಟ್ಯೂಬಿನದೇ ವಾಸಿ. ಮುಖ ದಕ್ಷಿಣಕ್ಕಿರಲಿ, ನಾವು 14 ಡಿಗ್ರಿ ಅಕ್ಷಾಂಶದ ಆಸುಪಾಸಿನಲ್ಲಿರುವುದರಿಂದ, ಚಳಿಗಾಲದ ಇಳಿಬಿಸಿಲು ಹಿಡಿಯಲು ಓರೆ ಸುಮಾರು 25 ಡಿಗ್ರಿ ಇರಬೇಕು. ತಣ್ಣೀರಿನ ಟ್ಯಾಂಕಿನ ತಳ ಸೋಲಾರ್ ಟ್ಯಾಂಕಿನ ನೆತ್ತಿಗಿಂತ ಮೇಲಿರಬೇಕು, ಸೋಲಾರ್ ಟ್ಯಾಂಕಿನ ಗಾಳಿ, ಆವಿ ಹೊರಬಿಡುವ ಗಾಳಿಪೈಪಿನ ತುದಿ ತಣ್ಣೀರಿನ ಟ್ಯಾಂಕಿಗಿಂತಲೂ ಎತ್ತರ ನಿಲ್ಲಬೇಕು. ಗಾಳಿಯಂತ್ರ ತಿರುಗಿಸುವಷ್ಟು ಗಾಳಿ ಬೀಸುವ ಚಿತ್ರದುರ್ಗದಲ್ಲಿ ಚೌಕಟ್ಟನ್ನು ಇಟ್ಟಿಗೆ ಹೇರಿ ನಿಲ್ಲಿಸದೆ ಕಾಂಕ್ರೀಟಿಗೆ ಬೋಲ್ಟ್ ಹಾಕಿಸಬೇಕು.

ಮೋಡದ ದಿನಗಳಿಗೆ 25 ಲೀಟರಿನ, 2 ಕಿಲೋವಾಟಿನ ಗೀಸರ್ ಸಾಕು. ಅರ್ಧ ಗಂಟೆಯಲ್ಲಿ ಸುಮಾರು ಒಂದು ಯೂನಿಟ್ ವಿದ್ಯುತ್ತಿಗೆ ಅದು ಕಾಯುತ್ತದೆ. ಅದಕ್ಕೆ 16 ಆಂಪಿಯರ್ ಸಾಕೆಟ್, ಪ್ರತ್ಯೇಕ ಎಂಸಿಬಿ (ಹೊರೆ ಮೀರಿದರೆ ತಾನೇ ಬೀಳುವ ಸ್ವಿಚ್ಚು), ಸರಿಯಾದ ಅರ್ಥಿಂಗ್, ಜೊತೆಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ವಿದ್ಯುತ್ ಸೋರಿದರೆ ಕೂಡಲೇ ಕಡಿಯುವ ಸ್ವಿಚ್ಚು) ಕಡ್ಡಾಯವೆಂದೇ ತಿಳಿಯಿರಿ. ಗ್ಯಾಸ್ ಗೀಸರನ್ನು ಮಾತ್ರ ಮುಚ್ಚಿದ ಬಚ್ಚಲೊಳಗೆ ಹಾಕಿಸಲೇಬೇಡಿ, ಅದರಿಂದ ಹೊಮ್ಮುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೇ ಇಲ್ಲ.

ನೀರು ತುಂಬುವ ಹಬ್ಬಕ್ಕೆ ಬೇಕಾಗುವ ಹಂಡೆಯನ್ನು ಗುಜರಿಗೆ ಕೊಡುವ ಅವಸರ ಬೇಡ. ಒಲೆಯ ಬಳಿ ಒಂದು ತಣ್ಣೀರಿನ ನಲ್ಲಿ ಬಿಡಿಸಿಕೊಂಡರೆ ಆಯಿತು. ಎಲ್ಲ ಜೋಡಣೆ ಮುಗಿದ ಮೇಲೆ ಪೈಪಿನಲ್ಲಿ ನೀರು ತುಂಬಿಸಿ ಒಂದು ರಾತ್ರಿ ಬಿಟ್ಟು, ಬೆಳಿಗ್ಗೆ ಒಂದೊಂದು ಕೀಲನ್ನೂ ಒಣಬಟ್ಟೆಯಿಂದ ಒರೆಸಿ ನೋಡಿದ ನಂತರವೇ ಗೋಡೆಗೆ ಗಾರೆ ಹಾಕಲು ಮೇಸ್ತ್ರಿಗೆ ಹೇಳಿ.