ಸಿಪ್ರೊಫ್ಲಾಕ್ಸಸಿನ್ ತಿಂದ ಮೇಲೆ ಬಂದ ಹಿಮ್ಮಡಿ ನೋವು: ನನ್ನ ಅನುಭವ

ಮೂತ್ರದ ಸೋಂಕಿಗೆ ಅಂತ ನನಗೆ ಸಿಪ್ರೊಫ್ಲಾಕ್ಸಸಿನ್ ಅನ್ನುವ ಆಂಟಿಬಯೋಟಿಕ್ 500 ಮಿಲಿಗ್ರಾಂ ಬರೆದುಕೊಟ್ಟಿದ್ದರು, ದಿನಕ್ಕೆ ಎರಡು, ಏಳು ದಿನ. ನಾಲ್ಕನೇ ದಿನ ಬೆಳಿಗ್ಗೆ ಹಾಸಿಗೆಯಿಂದ ಕಾಲು ಕೆಳಗಿಟ್ಟೆ. ಎರಡೂ ಹಿಮ್ಮಡಿಯ ಹಿಂದೆ, ಮೀನಖಂಡ ಬಂದು ಸೇರುವ ಆ ದಪ್ಪ ಹುರಿಯಂಥ ಜಾಗದಲ್ಲಿ, ಯಾರೋ ಹಗ್ಗ ಬಿಗಿದ ಹಾಗೆ ಹಿಡಿದುಕೊಂಡಿತು. ಮಲಗಿದ ಭಂಗಿ ಸರಿ ಇರಲಿಲ್ಲವೇನೋ ಅಂದುಕೊಂಡೆ. ನಡೆದರೆ ಸಡಿಲ ಆಗುತ್ತದೆ ಅಂತ ಆವತ್ತು ಎಂದಿಗಿಂತ ಜಾಸ್ತಿಯೇ ನಡೆದೆ, ಗೋಡೆಗೆ ಕೈ ಕೊಟ್ಟು ಚೆನ್ನಾಗಿ ಎಳೆದು ಸ್ಟ್ರೆಚ್ ಕೂಡ ಮಾಡಿದೆ. ಮಾತ್ರೆಯನ್ನೂ ಮುಂದುವರಿಸಿದೆ. ಈ ಮೂರೂ ತಪ್ಪು.

ಆರನೇ ದಿನ ಮೆಟ್ಟಿಲು ಇಳಿಯಲು ಆಗಲಿಲ್ಲ. ಸುಮ್ನೆ ಮಾತ್ರೆ ಡಬ್ಬಿಯೊಳಗಿನ ಕಾಗದ ಬಿಚ್ಚಿ ಓದಿದೆ. ಟೆಂಡನ್ ಅಂದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ. ಅದರಲ್ಲಿ ನೋವು, ಊತ ಕಂಡ ಕೂಡಲೇ ಔಷಧಿ ನಿಲ್ಲಿಸಿ ವೈದ್ಯರಿಗೆ ತಿಳಿಸಿ ಅಂತ ಅಲ್ಲೇ ಇತ್ತು. ಎರಡು ದಿನ ಮೊದಲೇ ಓದಬೇಕಿತ್ತು. ಮಾತ್ರೆ ನಿಲ್ಲಿಸಿ ಆವತ್ತೇ ವೈದ್ಯರಿಗೆ ಫೋನ್ ಮಾಡಿದೆ, ಬೇರೆ ಗುಂಪಿನ ಆಂಟಿಬಯೋಟಿಕ್ ಕೊಟ್ಟರು. ಇದನ್ನು ಒತ್ತಿ ಹೇಳುತ್ತೇನೆ, ಮಾತ್ರೆ ಬಿಟ್ಟು ಸುಮ್ಮನೆ ಕೂರಬೇಡಿ, ಸೋಂಕು ಒಳಗೇ ಉಳಿದರೆ ಅದು ಬೇರೆ ಅಪಾಯ.

ಆಮೇಲೆ ಓದುತ್ತಾ ಹೋದಂತೆ ಸಿಟ್ಟು ಬಂತು. ಸಿಪ್ರೊಫ್ಲಾಕ್ಸಸಿನ್ ಸೇರಿದ ಗುಂಪಿಗೆ ಫ್ಲೂರೋಕ್ವಿನೋಲೋನ್ ಅಂತ ಹೆಸರು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2008ರಲ್ಲೇ ಟೆಂಡನ್ ಉರಿಯೂತ, ಟೆಂಡನ್ ಹರಿಯುವುದು ಇವೆರಡನ್ನೂ ಅತಿ ಗಂಭೀರ ಎಚ್ಚರಿಕೆಯಾಗಿ ಚೌಕಟ್ಟು ಹಾಕಿ ಮುದ್ರಿಸಲು ಹೇಳಿತ್ತು. 2016ರಲ್ಲಿ ಇನ್ನೂ ಮುಂದೆ ಹೋಗಿ, ತೊಡಕಿಲ್ಲದ ಮೂತ್ರದ ಸೋಂಕಿಗೆ ಬೇರೆ ಔಷಧಿ ಇದ್ದರೆ ಇದನ್ನು ಕೊಡಬೇಡಿ ಅಂದಿತು. ನನಗೆ ಇದ್ದದ್ದು ಅಂಥದ್ದೇ ಸೋಂಕು. ಹಾಗಂತ ಈ ಔಷಧಿಯೇ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ, ಬೇರೆ ಯಾವುದೂ ಕೆಲಸ ಮಾಡದ ಕಡೆ ಇದು ಜೀವ ಉಳಿಸುತ್ತದೆ. ತಿಂದವರಲ್ಲಿ ಬಹಳಷ್ಟು ಜನಕ್ಕೆ ಏನೂ ಆಗುವುದೂ ಇಲ್ಲ. 60 ದಾಟಿದವರು, ಸ್ಟೀರಾಯ್ಡ್ ತೆಗೆದುಕೊಳ್ಳುವವರು, ಕಿಡ್ನಿ ತೊಂದರೆ ಇರುವವರು, ಅಂಗ ಕಸಿ ಆದವರು, ಇವರಿಗೆ ಅಪಾಯ ಹೆಚ್ಚು. ನಾನು ಇದರಲ್ಲಿ ಯಾವುದಕ್ಕೂ ಸೇರಿರಲಿಲ್ಲ, ಆದರೂ ಬಂತು.

ನನಗೆ ಅರ್ಥವಾಗಲು ತುಂಬ ದಿನ ಹಿಡಿದ ವಿಷಯ ಒಂದಿದೆ. ಇದು ಓಡಿ ಉಳುಕಿಸಿಕೊಂಡ ಕಾಲಿನ ಹಾಗೆ ಅಲ್ಲ. ಔಷಧಿ ಟೆಂಡನ್ನಿನ ಜೀವಕೋಶಗಳಿಗೇ ಪೆಟ್ಟು ಕೊಡುತ್ತದೆ. ಹುರಿಯನ್ನು ಗಟ್ಟಿ ಇಡುವ ಕೊಲಾಜನ್ ಒಡೆಯುವುದು ಜಾಸ್ತಿಯಾಗಿ, ಹೊಸದಾಗಿ ತಯಾರಾಗುವುದು ಕಡಿಮೆಯಾಗುತ್ತದೆ. ಹಿಮ್ಮಡಿಯ ಆಕಿಲಿಸ್ ಟೆಂಡನ್ನಿಗೆ ಮೊದಲೇ ರಕ್ತದ ಓಡಾಟ ಕಡಿಮೆ, ಮೈಭಾರವೆಲ್ಲ ಅದರ ಮೇಲೆ ಬೇರೆ. ಮಾತ್ರೆ ನಿಂತು ಕೆಲವು ತಿಂಗಳಾದ ಮೇಲೂ ತೊಂದರೆ ಶುರುವಾಗಬಹುದು. ನನಗೆ ಮೂರನೇ ವಾರದಲ್ಲಿ ಮಣಿಕಟ್ಟೂ ಹಿಡಿದುಕೊಂಡಿತು, ಬಾಟಲಿ ಮುಚ್ಚಳ ತಿರುಗಿಸಲು ಆಗುತ್ತಿರಲಿಲ್ಲ.

ಮೊದಲ ಆರು ವಾರ ಮಾಡಿದ್ದು ಕಡಿಮೆ, ಬಿಟ್ಟಿದ್ದೇ ಜಾಸ್ತಿ. ಎರಡೂ ಶೂಗಳ ಒಳಗೆ ಹಿಮ್ಮಡಿ ಎತ್ತರಿಸುವ ಪ್ಯಾಡ್ ಹಾಕಿದೆ, ಅದರಿಂದ ಹುರಿಯ ಮೇಲಿನ ಎಳೆತ ಕಡಿಮೆಯಾಯಿತು. ಮನೆಯೊಳಗೂ ಬರಿಗಾಲಲ್ಲಿ ಓಡಾಡಲಿಲ್ಲ. ಸ್ಟ್ರೆಚ್ ಪೂರ್ತಿ ಬಂದ್. ಆದರೆ ಹಾಸಿಗೆ ಹಿಡಿಯಲಿಲ್ಲ, ಪೂರ್ತಿ ಸುಮ್ಮನಿದ್ದರೆ ಟೆಂಡನ್ ಇನ್ನೂ ಸೊರಗುತ್ತದೆ ಅಂತ ಫಿಸಿಯೋಥೆರಪಿಸ್ಟ್ ಹೇಳಿದ್ದರು. ಐದೈದು ನಿಮಿಷದ ನಡಿಗೆ, ದಿನಕ್ಕೆ ನಾಲ್ಕು ಸಲ. ನೋವು ಬೇಗ ಇಳಿಯಲಿ ಅಂತ ಸ್ಟೀರಾಯ್ಡ್ ಇಂಜೆಕ್ಷನ್ ಕೊಡುವ ಮಾತು ಒಂದು ಕಡೆ ಬಂತು. ಈ ಔಷಧಿಯ ಜೊತೆ ಸ್ಟೀರಾಯ್ಡ್ ಸೇರಿದರೆ ಟೆಂಡನ್ ಹರಿಯುವ ಅಪಾಯ ಏರುತ್ತದೆ ಅಂತ ಓದಿದ್ದೆ, ಅದನ್ನೇ ಕೇಳಿದೆ, ಅಲ್ಲಿನ ವೈದ್ಯರೂ ಒಪ್ಪಿ ಕೈಬಿಟ್ಟರು.

ಆಮೇಲೆ ಶುರುವಾಯಿತು ನಿಜವಾದ ಕೆಲಸ. ಹಿಮ್ಮಡಿ ನೋವಿಗೆ ಮೆಟ್ಟಿಲ ಅಂಚಿನಲ್ಲಿ ನಿಂತು ಹಿಮ್ಮಡಿಯನ್ನು ನಿಧಾನ ಕೆಳಗಿಳಿಸುವ ಒಂದು ಹೆಸರಾಂತ ವ್ಯಾಯಾಮ ಇದೆ, 15ರಂತೆ ಮೂರು ಸುತ್ತು, ದಿನಕ್ಕೆರಡು ಸಲ, 12 ವಾರ. ಓಡುವವರಿಗೆ ಅದು ಒಳ್ಳೆಯದೇ ಇರಬಹುದು. ನಾನು ಯಾರನ್ನೂ ಕೇಳದೆ ಎರಡು ದಿನ ಮಾಡಿ ಎರಡು ವಾರ ಹಿಂದೆ ಹೋದೆ. ನನಗೆ ಹಿಡಿಸಿದ್ದು ಇದು: ಕುರ್ಚಿಯಲ್ಲಿ ಕೂತು, ಎರಡೂ ಹಿಮ್ಮಡಿ ಸ್ವಲ್ಪ ಎತ್ತಿ, ಅಲುಗಾಡದೆ 30 ಸೆಕೆಂಡ್ ಹಿಡಿಯುವುದು. ಐದು ಸಲ, ನಡುವೆ ಒಂದೊಂದು ನಿಮಿಷ ಬಿಡುವು. ಮೂರು ವಾರ ಇಷ್ಟೇ. ಆಮೇಲೆ ಅದನ್ನೇ ನಿಂತು, ಗೋಡೆ ಹಿಡಿದು. ಆಮೇಲೆ ಸಮತಟ್ಟು ನೆಲದ ಮೇಲೆ ನಿಧಾನ ಏರಿ ಇಳಿಯುವುದು. ಒಂದೇ ಕಾಲಲ್ಲಿ ಮಾಡಲು ಏಳನೇ ತಿಂಗಳು ಬೇಕಾಯಿತು.

ಎಷ್ಟು ಮಾಡಬೇಕು ಅಂತ ಹೇಗೆ ಗೊತ್ತಾಗುತ್ತಿತ್ತು ಅಂದರೆ, ಮರುದಿನ ಬೆಳಗಿನಿಂದ. ವ್ಯಾಯಾಮ ಮಾಡುವಾಗ ಈ ಟೆಂಡನ್ ಏನೂ ಹೇಳುವುದಿಲ್ಲ. ಚೆನ್ನಾಗಿದೆ ಅಂತ ಹತ್ತು ನಿಮಿಷ ಜಾಸ್ತಿ ನಡೆದರೆ ಬೆಲೆ ತೆರುವುದು ನಾಳೆಯೋ ನಾಡಿದ್ದೋ. ಹಾಗಾಗಿ ಎದ್ದ ಕೂಡಲೇ ಮೊದಲ ಹತ್ತು ಹೆಜ್ಜೆಗೆ ಹತ್ತರಲ್ಲಿ ಎಷ್ಟು ನೋವು ಅಂತ ಒಂದು ಪುಸ್ತಕದಲ್ಲಿ ಬರೆದೆ. ನಿನ್ನೆಯಷ್ಟೇ ಇದ್ದರೆ ಅದೇ ವ್ಯಾಯಾಮ, ಜಾಸ್ತಿ ಇದ್ದರೆ ಅರ್ಧಕ್ಕೆ ಇಳಿಸು, ಒಂದು ವಾರ ಸತತ ಇಳಿದರೆ ಮಾತ್ರ ಒಂದೇ ಒಂದು ವಿಷಯ ಏರಿಸು. ಈ ಪುಸ್ತಕ ಇಲ್ಲದಿದ್ದರೆ ನನಗೆ ಹುಚ್ಚು ಹಿಡಿಯುತ್ತಿತ್ತು. ಮನಸ್ಸು ಕುಸಿದ ದಿನ ಹಿಂದಿನ ಪುಟ ತಿರುಗಿಸಿದರೆ, ಎರಡು ತಿಂಗಳ ಹಿಂದೆ ಏಳು ಇದ್ದದ್ದು ಈಗ ನಾಲ್ಕು ಅಂತ ಕಣ್ಣೆದುರೇ ಇರುತ್ತಿತ್ತು ಅಲ್ವಾ.

ಮೆಗ್ನೀಸಿಯಂ ಬಗ್ಗೆ ತುಂಬ ಜನ ಕೇಳುತ್ತಾರೆ. ನಾನೂ ತೆಗೆದುಕೊಂಡೆ, ವೈದ್ಯರನ್ನು ಕೇಳಿಯೇ. ಅದರಿಂದಲೇ ವಾಸಿಯಾಯಿತು ಅಂತ ಹೇಳಲಾರೆ. ಕೋರ್ಸ್ ನಡೆಯುತ್ತಿರುವಾಗ ಮಾತ್ರ ಎಚ್ಚರ, ಮೆಗ್ನೀಸಿಯಂ, ಕ್ಯಾಲ್ಸಿಯಂ, ಕಬ್ಬಿಣ ಇವು ಹೊಟ್ಟೆಯಲ್ಲೇ ಔಷಧಿಯನ್ನು ಹಿಡಿದುಕೊಂಡು ಅದು ಮೈಗೆ ಹತ್ತದಂತೆ ಮಾಡುತ್ತವೆ.

ಹಿಂದಿನಿಂದ ಯಾರೋ ಒದ್ದ ಹಾಗೆ ಅನಿಸಿ, ಟಪ್ ಅಂತ ಸದ್ದಾಗಿ, ತುದಿಗಾಲಲ್ಲಿ ನಿಲ್ಲಲು ಆಗದೇ ಹೋದರೆ ಟೆಂಡನ್ ಹರಿದಿರಬಹುದು. ಆಗ ವ್ಯಾಯಾಮ, ಪುಸ್ತಕ ಎಲ್ಲ ಬಿಟ್ಟು ಅದೇ ದಿನ ಆಸ್ಪತ್ರೆಗೆ ಹೋಗಿ.

ಹನ್ನೊಂದನೇ ತಿಂಗಳು ನಲವತ್ತು ನಿಮಿಷ ನಡೆದು, ಮರುದಿನ ಬೆಳಿಗ್ಗೆ ಒಂದು ಅಂತ ಬರೆದೆ. ಈಗ ಪರ್ಸಿನಲ್ಲಿ ಒಂದು ಚೀಟಿ ಇದೆ: ಸಿಪ್ರೊಫ್ಲಾಕ್ಸಸಿನ್, ಲೆವೊಫ್ಲಾಕ್ಸಸಿನ್, ಆಫ್ಲಾಕ್ಸಸಿನ್, ಮಾಕ್ಸಿಫ್ಲಾಕ್ಸಸಿನ್, ನಾರ್ಫ್ಲಾಕ್ಸಸಿನ್, ಇವು ನನಗೆ ಬೇಡ, ಕಾರಣ ಟೆಂಡನ್. ಕಳೆದ ತಿಂಗಳು ಕೆಮ್ಮು ಅಂತ ಹೊಸ ವೈದ್ಯರ ಹತ್ತಿರ ಹೋಗಿದ್ದೆ. ಲೆವೊಫ್ಲಾಕ್ಸಸಿನ್ ಅಂತ ಬರೆಯುತ್ತಿದ್ದರು. ಚೀಟಿ ಮುಂದಿಟ್ಟೆ. ಓದಿ, ಗೆರೆ ಎಳೆದು, ಬೇರೆ ಬರೆದುಕೊಟ್ಟರು.