ಪ್ರೆಸ್ಬಿಯಾರ್ನಿಸ್ ಹಕ್ಕಿಯ ಚಿತ್ರವನ್ನು ನಾನು ಬಿಡಿಸಿದ್ದು ಹೀಗೆ

ಪ್ರೆಸ್ಬಿಯಾರ್ನಿಸ್ ಈಗಿಲ್ಲ. ಸುಮಾರು 5 ಕೋಟಿ ವರ್ಷಗಳ ಹಿಂದೆ, ಅಮೆರಿಕದ ಈಗಿನ ವಯೋಮಿಂಗ್, ಯೂಟಾ ಕಡೆಯ ಉಪ್ಪುಪ್ಪಾದ ಕೆರೆಗಳ ಅಂಚಿನಲ್ಲಿ ಗುಂಪುಗುಂಪಾಗಿ ಮೇಯುತ್ತಿತ್ತು. ಅಲ್ಲಿನ ಗ್ರೀನ್ ರಿವರ್ ಕಲ್ಲುಪದರಗಳಲ್ಲಿ ಇದರ ಮೂಳೆಗಳು ರಾಶಿರಾಶಿ ಸಿಕ್ಕಿವೆ. 1926ರಲ್ಲಿ ಪಕ್ಷಿತಜ್ಞ ಅಲೆಕ್ಸಾಂಡರ್ ವೆಟ್ಮೋರ್ ಇದಕ್ಕೆ ಹೆಸರಿಟ್ಟರು.

ಚಿತ್ರಕ್ಕೆ ಕೂತಾಗ ಮೊದಲು ಕಾಲಿನ ಮೂಳೆಗಳ ಅಳತೆ ತೆಗೆದುಕೊಂಡೆ. ಉದ್ದ ಕಾಲು ನೋಡಿದರೆ ಫ್ಲೆಮಿಂಗೊ ಅನ್ನಿಸುತ್ತದೆ. ಹಿಂದೆ ತಜ್ಞರೂ ಅದೇ ದಿಕ್ಕಿನಲ್ಲಿ ಯೋಚಿಸಿದ್ದರು. ಆದರೆ ತಲೆಬುರುಡೆ ಬೇರೆಯೇ ಕತೆ ಹೇಳುತ್ತದೆ. ಕೊಕ್ಕು ಅಗಲ, ಚಪ್ಪಟೆ, ಪಕ್ಕಾ ಬಾತುಕೋಳಿಯದು. 1980ರಲ್ಲಿ ಪಕ್ಷಿತಜ್ಞರಾದ ಸ್ಟಾರ್ಸ್ ಓಲ್ಸನ್ ಮತ್ತು ಅಲನ್ ಫೆಡೂಚಿಯಾ ಇದನ್ನು ಬಾತುಗಳ ಬಳಗದ ಜೊತೆ ಸೇರಿಸಿದರು. ಹಾಗಾಗಿ ತಲೆಗೆ ಬಾತು, ನಡಿಗೆಗೆ ಕೆರೆಯಂಚಿನ ಉದ್ದಗಾಲಿನ ಮೆಟ್ಟುಗಾಲು ಹಕ್ಕಿ ಅಂತ ಎರಡು ಮಾದರಿ ಇಟ್ಟುಕೊಂಡೆ. ಎರಡನ್ನೂ ನಮ್ಮೂರ ಕೆರೆಯಲ್ಲೇ ನೋಡಬಹುದು. ಮೆಟ್ಟುಗಾಲು ಹಕ್ಕಿ ನಡೆಯುವಾಗ ಹಿಂದಕ್ಕೆ ಮಡಚುವ ಗಂಟು ಮಂಡಿಯಲ್ಲ, ಅದರ ಹಿಮ್ಮಡಿ. ಅದು ಎಲ್ಲಿ ಬರುತ್ತದೆ ಅಂತ ಗೊತ್ತಾದರೆ ಅರ್ಧ ಚಿತ್ರ ಮುಗಿದಂತೆ.

ಭಂಗಿಗೆ ದೊಡ್ಡ ಸಹಾಯ ಸಿಕ್ಕಿದ್ದು ಹೆಜ್ಜೆಗುರುತುಗಳಿಂದ. ಯೂಟಾದ ಕಲ್ಲಿನಲ್ಲಿ ಜಾಲಪಾದದ ಹೆಜ್ಜೆಗಳಿವೆ. ಅವುಗಳ ಜೊತೆಗೇ ಕೊಕ್ಕಿನಿಂದ ಕೆಸರು ಕೆದಕಿದ ಗುರುತುಗಳೂ ಇವೆ. ಇಂಥ ಹಕ್ಕಿಯದೇ ಅಂತ ತಜ್ಞರು ಹೇಳುತ್ತಾರೆ. ನನಗಂತೂ ಅದನ್ನು ನೋಡಿದಾಗ ಮೈ ಜುಂ ಅಂದಿತು. ಅಷ್ಟು ಹಳೆಯ ಊಟದ ಗುರುತು ಕಣ್ಣೆದುರಿಗೆ ಇತ್ತು! ಆಮೇಲೆ ಬೇರೆ ಭಂಗಿ ಹುಡುಕಲೇ ಇಲ್ಲ. ಕತ್ತು ಕೆಳಗೆ ಬಗ್ಗಿಸಿ, ಕೊಕ್ಕನ್ನು ಕೆಸರಿಗೆ ತಾಗಿಸಿ, ಒಂದು ಹೆಜ್ಜೆ ಮುಂದಿಟ್ಟ ಹಾಗೆ ಬರೆದೆ. ಕೊಕ್ಕಿನ ಅಂಚಿನಲ್ಲಿ ನೀರು ಸೋಸಿ ಹೊರಬಿಡುವ ಸಾಲುಗಳನ್ನೂ ತೆಳ್ಳಗೆ ಎಳೆದೆ. ಕೊಕ್ಕಿನ ಆಕಾರ ಸೋಸಿ ತಿನ್ನುವ ಹಕ್ಕಿಯದ್ದೇ ಅಲ್ವಾ.

ಒಂದೇ ಹಕ್ಕಿ ಬರೆದು ಬಿಡಬಾರದು. ಮೂಳೆಗಳ ಜೊತೆ ಮೊಟ್ಟೆಚಿಪ್ಪುಗಳೂ ಸಿಕ್ಕಿವೆ, ಅಂದರೆ ಜೊತೆಯಾಗಿ ಗೂಡು ಕಟ್ಟುತ್ತಿದ್ದವು. ಹಿಂದೆ ಸಣ್ಣಸಣ್ಣದಾಗಿ ಇಡೀ ಗುಂಪನ್ನೇ ಕೂರಿಸಿದೆ. ಆಗಿನ ವಯೋಮಿಂಗ್ ಈಗಿನಂತೆ ಚಳಿಯ ನಾಡಲ್ಲ, ತಾಳೆಮರಗಳಿದ್ದವು, ಮೊಸಳೆಗಳಿದ್ದವು. ದಡದಲ್ಲಿ ತಾಳೆ ಹಾಕಿದ್ದು ಅದಕ್ಕೇ.

ಬಣ್ಣ ಮಾತ್ರ ಮೂಳೆಯಿಂದ ತಿಳಿಯುವುದಿಲ್ಲ. ಗುಲಾಬಿ ಬಳಿದರೆ ನೋಡಿದವರು ಫ್ಲೆಮಿಂಗೊ ಅಂದುಬಿಡುತ್ತಾರೆ, ಅದು ಬೇಡವೇ ಬೇಡ ಅನ್ನಿಸಿತು. ಬೂದು, ಕಂದು, ರೆಕ್ಕೆಯಲ್ಲಿ ಸ್ವಲ್ಪ ಬಿಳಿ ಹಾಕಿದೆ. ಚಿತ್ರದ ಕೆಳಗೆ ‘ಬಣ್ಣ ಕಲಾವಿದರ ಊಹೆ’ ಅಂತ ಬರೆಯುವುದನ್ನು ಮಾತ್ರ ನಾನು ಬಿಡುವುದಿಲ್ಲ.