ಒಳಗಿನ ಟೈರಿಗೆ ಟಾರ್ಚ್ ಬಿಟ್ಟ ರಾತ್ರಿ

ನನ್ನದು ಆರು ಚಕ್ರದ ಕ್ಯಾಂಟರ್. ನಾನೇ ಓನರ್, ನಾನೇ ಡ್ರೈವರ್. ಚಳ್ಳಕೆರೆ ಕಡೆಯಿಂದ ಈರುಳ್ಳಿ ತುಂಬಿಕೊಂಡು ಯಶವಂತಪುರ ಮಾರ್ಕೆಟ್‌ಗೆ ಹೊಡೆಯುತ್ತೇನೆ. ಎರಡು ವರ್ಷದ ಹಿಂದೆ ಒಂದು ರಾತ್ರಿ, ಶಿರಾ ದಾಟಿದ ಮೇಲೆ ಬ್ರೇಕ್ ಇನ್‌ಸ್ಪೆಕ್ಟರ್ ಗಾಡಿ ಸೈಡಿಗೆ ಹಾಕಿಸಿದರು. ಆರ್‌ಸಿ, ಇನ್ಶೂರೆನ್ಸ್, ಪರ್ಮಿಟ್, ಎಮಿಷನ್ ಎಲ್ಲಾ ಸರಿ ಇತ್ತು. ಗಾಡಿಗೆ ಎಂಟು ವರ್ಷ ದಾಟಿದ್ದರಿಂದ ವರ್ಷಕ್ಕೊಮ್ಮೆ ಎಫ್‌ಸಿ, ಅಂದರೆ ಗಾಡಿ ಓಡಿಸಲು ಯೋಗ್ಯ ಅನ್ನುವ ಫಿಟ್‌ನೆಸ್ ಸರ್ಟಿಫಿಕೇಟ್. ಅದನ್ನು ಮಾಡಿಸಿ ನಾಲ್ಕೇ ತಿಂಗಳಾಗಿತ್ತು. ಇನ್ನೇನು ಬಿಡುತ್ತಾರೆ ಅಂದುಕೊಂಡೆ.

ಅವರು ಟಾರ್ಚ್ ಹಿಡಿದು ಹಿಂದಕ್ಕೆ ಹೋದರು. ಬಗ್ಗಿ, ಜೋಡಿ ಚಕ್ರದ ಸಂದಿಗೆ ಬೆಳಕು ಬಿಟ್ಟರು. "ಇಲ್ಲಿ ಬನ್ನಿ, ಕೈ ಹಾಕಿ ನೋಡಿ" ಅಂದರು. ಹೊರಗಿನ ಟೈರ್ ಚೆನ್ನಾಗಿತ್ತು. ಒಳಗಿನದು ಪೂರ್ತಿ ಸವೆದು ನುಣ್ಣಗಾಗಿತ್ತು. ದಿನಾ ಗಾಡಿ ಸುತ್ತ ಓಡಾಡುವ ನನಗೆ ಅದು ಕಂಡೇ ಇರಲಿಲ್ಲ. ಸಾಲದ್ದಕ್ಕೆ ಟಾರ್ಪಾಲ್ ಇಳಿಬಿದ್ದು ಹಿಂದಿನ ಕೆಂಪು ರಿಫ್ಲೆಕ್ಟರ್ ಟೇಪ್ ಅರ್ಧ ಮುಚ್ಚಿತ್ತು.

ಚೆಕ್ ರಿಪೋರ್ಟ್ ಬರೆದರು. ಮೋಟಾರು ವಾಹನ ಕಾಯ್ದೆಯ 190ನೇ ಸೆಕ್ಷನ್. ದಂಡ 1,500 ರೂಪಾಯಿವರೆಗೆ. ಆ ದೋಷದಿಂದಲೇ ಅಪಘಾತವಾಗಿ ಯಾರಿಗಾದರೂ ಪೆಟ್ಟಾದರೆ ಮೂರು ತಿಂಗಳವರೆಗೆ ಜೈಲೂ ಆಗಬಹುದು. ಸ್ಟೆಪ್ನಿ ಹಾಕಿಕೊಂಡೇ ಹೊರಡಬೇಕು ಅಂದರು. ಒಳಗಿನ ಟೈರ್ ಬಿಚ್ಚಬೇಕಾದರೆ ಹೊರಗಿನದನ್ನೂ ಬಿಚ್ಚಬೇಕು, ಅದೂ ಫುಲ್ ಲೋಡಿನಲ್ಲಿ. ಮಾರ್ಕೆಟ್ ತಲುಪುವಷ್ಟರಲ್ಲಿ ಹರಾಜು ಮುಗಿದಿತ್ತು. ಆಗ ಸಿಟ್ಟು ಬಂದಿದ್ದು ನಿಜ. ಆದರೆ ತುಂಬಿದ ಗಾಡಿಯಲ್ಲಿ ಆ ಟೈರ್ ಒಡೆದಿದ್ದರೆ ಹಿಂದೆ ಬರುತ್ತಿದ್ದವರ ಗತಿ ಏನಾಗುತ್ತಿತ್ತು ಅಂತ ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಒಳಗಿನದೇ ಯಾಕೆ ಸವೆಯಿತು? ಟೈರ್ ಅಂಗಡಿಯವರು ಕೇಳಿದ್ದು ಒಂದೇ ಮಾತು: "ಅದಕ್ಕೆ ಗಾಳಿ ಯಾವಾಗ ನೋಡಿದ್ರಿ?" ಒಳಗಿನ ವಾಲ್ವ್‌ಗೆ ಕೈ ಎಟುಕುವುದಿಲ್ಲ ಅಂತ ಹೊರಗಿನದಕ್ಕೆ ಮಾತ್ರ ಹಿಡಿಸುತ್ತಿದ್ದೆ. ಗಾಳಿ ಕಡಿಮೆಯಾದರೆ ಟೈರಿನ ಸುತ್ತಳತೆ ಚಿಕ್ಕದಾಗುತ್ತದೆ. ಎರಡೂ ಒಂದೇ ಹಬ್‌ನಲ್ಲಿ ತಿರುಗುವಾಗ ಚಿಕ್ಕದು ರಸ್ತೆಗೆ ಉಜ್ಜುತ್ತಾ ಹೋಗುತ್ತದೆ. ಅವತ್ತೇ ಒಳ ವಾಲ್ವ್‌ಗಳಿಗೆ ಎಕ್ಸ್‌ಟೆನ್ಷನ್, ಅಂದರೆ ಹೊರಗಿನಿಂದಲೇ ಕೈಗೆ ಎಟುಕುವ ಉದ್ದ ನಳಿಕೆ ಹಾಕಿಸಿದೆ. ಖರ್ಚು ಜಾಸ್ತಿ ಏನಿಲ್ಲ. ಒಂದು ಪ್ರೆಶರ್ ಗೇಜ್ ಕೂಡ ಕೊಂಡೆ. ಟೈರ್ ತಣ್ಣಗಿದ್ದಾಗಲೇ ನೋಡುತ್ತೇನೆ, ಓಡಿ ಬಂದ ಮೇಲೆ ನೋಡಿದರೆ ಜಾಸ್ತಿ ತೋರಿಸುತ್ತದೆ.

ಸವೆತ ನೋಡಲು ಟೈರಿನ ಗೀರುಗಳ ತಳದಲ್ಲೇ ಸಣ್ಣ ದಿಂಡು ಇರುತ್ತದೆ. ಟೈರಿನ ಪಕ್ಕದ ಗೋಡೆಯ ಮೇಲೆ ಟಿಡಬ್ಲ್ಯುಐ (ಟ್ರೆಡ್ ವೇರ್ ಇಂಡಿಕೇಟರ್, ಸವೆತದ ಗುರುತು) ಅಂತಲೋ, ಪುಟ್ಟ ತ್ರಿಕೋನದಿಂದಲೋ ಅದರ ಜಾಗ ಗುರುತು ಮಾಡಿರುತ್ತಾರೆ. ರಬ್ಬರ್ ಸವೆದು ಆ ದಿಂಡಿನ ಮಟ್ಟಕ್ಕೆ ಬಂತು ಅಂದರೆ ಉಳಿದಿರುವುದು 1.6 ಮಿಲಿಮೀಟರ್. ನಾನು ಅಲ್ಲಿಯವರೆಗೆ ಕಾಯುವುದಿಲ್ಲ, ಮಳೆಗಾಲಕ್ಕೆ ಮುಂಚೆಯೇ ಬದಲಾಯಿಸುತ್ತೇನೆ.

ಈಗ ಲೋಡ್ ಆಗಿ ಹಗ್ಗ ಕಟ್ಟಿದ ಮೇಲೆ ಟಾರ್ಚ್ ಹಿಡಿದು ಒಂದು ಸುತ್ತು ಬರುತ್ತೇನೆ. ಲೈಟ್, ಇಂಡಿಕೇಟರ್, ಟೇಪ್ ಮೇಲೆ ಟಾರ್ಪಾಲ್ ಬಿದ್ದಿದೆಯಾ, ಅಷ್ಟು. ಬ್ರೇಕಿಗೆ ಮಾತ್ರ ಸಮಯ ಕೊಡುತ್ತೇನೆ. ನನ್ನದು ಗಾಳಿಯ ಒತ್ತಡದಲ್ಲಿ ಹಿಡಿಯುವ ಏರ್ ಬ್ರೇಕ್. ಅದರ ಟ್ಯಾಂಕಿಗೆ ಏರ್ ಪೂರ್ತಿ ತುಂಬಿಸಿ, ಇಂಜಿನ್ ಆಫ್ ಮಾಡಿ, ಪೆಡಲ್ ಒತ್ತಿ ಹಿಡಿದುಕೊಳ್ಳುತ್ತೇನೆ. ಡ್ಯಾಶ್‌ಬೋರ್ಡಿನ ಏರ್ ಗೇಜ್ ಮುಳ್ಳು ಇಳಿಯುತ್ತಾ ಹೋದರೆ, ಎಲ್ಲೋ 'ಸುಸ್' ಅಂತ ಸದ್ದು ಬಂದರೆ, ಗಾಡಿ ಹೊರಡುವುದಿಲ್ಲ. ಮುಂದಿನ ಚಕ್ರ ಎಡಕ್ಕೆ ಬಲಕ್ಕೆ ತಿರುಗಲು ಆಧಾರವಾದ ಕಿಂಗ್ ಪಿನ್ ಸಡಿಲವಾಗಿದೆಯಾ ಅಂತ ಒಬ್ಬನೇ ನೋಡಲು ಆಗಲ್ಲ. ಅದಕ್ಕೆ ತಿಂಗಳಿಗೊಮ್ಮೆ ಗ್ಯಾರೇಜಿನಲ್ಲಿ ಜಾಕ್ ಕೊಟ್ಟು, ಚಕ್ರ ಅಲ್ಲಾಡಿಸಿ ನೋಡಿಸುತ್ತೇನೆ.